ಬುರುಜಿಗೆ ಇನ್ನೂರ ಅರವತ್ತೆಂಟು ಹೆಜ್ಜೆ

ನನ್ನ ಒಂದು ಹೆಜ್ಜೆ ಎಪ್ಪತ್ತೆರಡು ಸೆಂಟಿಮೀಟರ್ ಇತ್ತು. ಮೂವತ್ತು ಮೀಟರಿನ ಟೇಪನ್ನು ಸಮನೆಲದ ಮೇಲೆ ಹಾಸಿ, ಅದರ ಪಕ್ಕದಲ್ಲಿ ಮೂರು ಸಲ ನಡೆದು, ಸರಾಸರಿ ತೆಗೆದು ಗೊತ್ತುಮಾಡಿಕೊಂಡ ಸಂಖ್ಯೆ ಅದು. ನನ್ನ ಕೆಲಸದ ಪುಸ್ತಕದ ಮೊದಲ ಪುಟದಲ್ಲಿ, ಹೆಸರು ಮತ್ತು ರಕ್ತದ ಗುಂಪಿನ ಕೆಳಗೆ, ಅದನ್ನು ಬರೆದಿಟ್ಟಿದ್ದೆ.

ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಹೈದರಾಬಾದಿನಲ್ಲಿ ಅಳೆಯಲು ಬೇಕಾದಷ್ಟಿದೆ: ದರವಾಜೆಗಳು, ಮಸೀದಿಗಳು, ಚರ್ಚುಗಳು, ಊರಿನ ಸುತ್ತ ಇದ್ದ ಕೋಟೆಗೋಡೆಯಲ್ಲಿ ಅಲ್ಲಲ್ಲಿ ಉಳಿದುಕೊಂಡ ತುಂಡುಗಳು. ನಮ್ಮ ಮೇಡಂ ಅವರದು ಒಂದು ಪದ್ಧತಿ. ಯಾವ ಜಾಗಕ್ಕೂ ಯಂತ್ರ ತೆಗೆದುಕೊಂಡು ನೇರವಾಗಿ ಹೋಗುವಂತಿಲ್ಲ. ಮೊದಲು ಬರಿಗೈಯಲ್ಲಿ ಹೋಗಿ ಹೆಜ್ಜೆಯಿಂದ ಅಳೆಯಬೇಕು, ಕೈಯಿಂದ ನಕ್ಷೆ ಬರೆಯಬೇಕು. ಟೇಪು ಆಮೇಲೆ, ಯಂತ್ರ ಕೊನೆಗೆ. ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದರು, ಹೆಜ್ಜೆ ಉದ್ದವಾಗಿರಬೇಕಿಲ್ಲ, ಒಂದೇ ಸಮ ಇರಬೇಕು. ನಾನು ತಲೆಯಾಡಿಸಿದ್ದೆ. ನನ್ನದು ಎರಡೂ ಇತ್ತು.

ಮೂಸಿ ನದಿಯ ದಂಡೆಯ ಒಂದು ಗೋಡೆ ನನ್ನ ಪಾಲಿಗೆ ಬಂದಿತ್ತು. ನಮ್ಮ ನಕ್ಷೆಗಳಲ್ಲಿ ಅದು ಏಳನೆಯ ಹಾಳೆ. ಮುರಿದ ಒಂದು ಕಂಬದಿಂದ ಶುರುವಾಗಿ ಅರ್ಧ ಕುಸಿದ ಬುರುಜಿನವರೆಗೆ ಗೋಡೆ, ಬುರುಜಿನ ಆಚೆ ಕಲ್ಲಿನ ಒಂದು ಚಿಕ್ಕ ಚರ್ಚು. ಒಂದು ಬೆಳಿಗ್ಗೆ ಗೋಡೆಯ ಉದ್ದಕ್ಕೂ ನಡೆದೆ. ಇನ್ನೂರ ಹದಿನಾಲ್ಕು ಹೆಜ್ಜೆ. ಎರಡನೆಯ ಸಲ ಇನ್ನೂರ ಹತ್ತೊಂಬತ್ತು. ಮೂರನೆಯ ಸಲ ಇನ್ನೂರ ಇಪ್ಪತ್ತಾರು. ಒಂದೆರಡು ಹೆಜ್ಜೆಗಿಂತ ಹೆಚ್ಚು ವ್ಯತ್ಯಾಸ ನನಗೆ ಎಂದೂ ಬಂದಿರಲಿಲ್ಲ. ಗೋಡೆಗಳು ಬೆಳೆಯುವುದಿಲ್ಲ. ಸಂಖ್ಯೆಯ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬಿಸಿಲಿನ ಆಯಾಸವೆಂದುಕೊಂಡು ಮನೆಗೆ ಬಂದೆ.

ನನ್ನ ಕಾಯಿಲೆಯ ಮೊದಲ ದಾಖಲೆ ಆ ಪ್ರಶ್ನಾರ್ಥಕ ಚಿಹ್ನೆ.

ಮರುದಿನ ಅಂಗಾಲುಗಳಲ್ಲಿ ಜುಮುಜುಮು. ಬರಿಗಾಲಲ್ಲಿ ನಿಂತರೂ ದಪ್ಪ ಕಾಲುಚೀಲ ಹಾಕಿಕೊಂಡ ಹಾಗೆ. ಅದರ ಮರುದಿನ ಲಿಂಗಂಪಲ್ಲಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ ಮೊಣಕಾಲು ಮಡಿಸಿಕೊಂಡು ಕುಳಿತುಬಿಟ್ಟೆ. ಏಳಲಾಗಲಿಲ್ಲ. ಹಿಂದೆ ಬರುತ್ತಿದ್ದವರು ನನ್ನನ್ನು ಬಳಸಿಕೊಂಡು ಹೋದರು. ಒಬ್ಬ ಹೆಂಗಸು ಮಾತ್ರ ನಿಂತು, "ಏಮಯಿಂದಮ್ಮಾ?" ಎಂದು ಕೇಳಿದಳು. ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ಚಪ್ಪಲಿಯ ಪಟ್ಟಿ ಕಿತ್ತಿದೆ ಎಂದು ಸುಳ್ಳು ಹೇಳಿದೆ. ಅಪರಿಚಿತರಿಗೆ ಮೈಯ ವಿಷಯ ಹೇಳುವ ಅಭ್ಯಾಸ ನನಗಿಲ್ಲ.

ಮೂರು ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ಸೊಂಟದಿಂದ ಕೆಳಗೆ ಏನೂ ನನ್ನ ಮಾತು ಕೇಳುತ್ತಿರಲಿಲ್ಲ. ಕೈಗಳೂ ಹೋಗುತ್ತಿದ್ದವು. ಕಾಯಿಲೆಯ ಹೆಸರು ಗಿಲನ್ ಬಾರೆ. ಅದೇನೆಂದು ಇಲ್ಲಿ ವಿವರಿಸುವುದಿಲ್ಲ, ಅದು ಬಂದವರಿಗೆ ವೈದ್ಯರು ಹೇಳುತ್ತಾರೆ. ಅವ್ವ ಆ ಹೆಸರನ್ನು ಅಪ್ಪನಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು, ಎರಡು ಸಲ ಓದಿ, ಪರ್ಸಿನಲ್ಲಿಟ್ಟಳು. ನೆಂಟರಿಗೆ ಹೇಳಿದ್ದು "ನರದ ಬ್ಯಾನಿ" ಎಂದಷ್ಟೇ.

ಆ ಮೊದಲ ವಾರದಲ್ಲಿ ನನಗೆ ಇಂದಿಗೂ ನೆನಪಿರುವುದು ಉಸಿರಿನ ಎಣಿಕೆ. ದಿನಕ್ಕೆ ಹಲವು ಸಲ ಡ್ಯೂಟಿ ಡಾಕ್ಟರ್ ಬಂದು, ಆಳವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಿ ಎನ್ನುತ್ತಿದ್ದರು. ಎದೆಯ ಸ್ನಾಯುಗಳೂ ಸೋಲುತ್ತಿವೆಯೇ ಎಂದು ನೋಡುವ ಉಪಾಯ. ಅವರು ತೆಲುಗಿನಲ್ಲಿ ಕೇಳುತ್ತಿದ್ದರು, ನಾನು ಕನ್ನಡದಲ್ಲಿ ಎಣಿಸುತ್ತಿದ್ದೆ. ಎಣಿಕೆ ನನಗೆ ಬೇರೆ ಭಾಷೆಯಲ್ಲಿ ಬರುವುದೇ ಇಲ್ಲ. ಅಪ್ಪ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದವರು. ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸು ಕಳಿಸುವ ಮನುಷ್ಯ. ಮಂಚದ ಕಾಲ ಬಳಿ ನಿಂತು ನನ್ನ ಸಂಖ್ಯೆಗಳನ್ನು ಜೇಬಿನ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಮೂವತ್ತೊಂದು. ಇಪ್ಪತ್ತಾರು. ಹತ್ತೊಂಬತ್ತು. ಹದಿನಾಲ್ಕು.

ಹದಿನಾಲ್ಕು ಆದ ದಿನ ನನ್ನನ್ನು ಐಸಿಯುಗೆ ಒಯ್ದರು. ಅಲ್ಲಿಯೂ ಹದಿನಾಲ್ಕು. ಮರುದಿನವೂ ಹದಿನಾಲ್ಕು. ಅಪ್ಪ ಗಾಜಿನ ಆಚೆಯಿಂದ ಬೆರಳು ಎತ್ತಿ ಎಷ್ಟೆಂದು ಕೇಳುತ್ತಿದ್ದರು; ನನಗೆ ಬೆರಳೆತ್ತಲು ಆಗುತ್ತಿರಲಿಲ್ಲ, ನರ್ಸ್ ತೋರಿಸುತ್ತಿದ್ದಳು. ಮೂರನೆಯ ದಿನ ಹದಿನಾರು. ಅವತ್ತು ಅಪ್ಪ ಗಾಜಿಗೆ ಬೆನ್ನು ಮಾಡಿ ಬಹಳ ಹೊತ್ತು ಡೈರಿಯಲ್ಲಿ ಏನನ್ನೋ ಬರೆಯುತ್ತಿದ್ದರು. ಹದಿನಾರು ಎಂದು ಬರೆಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ಅವ್ವ ಬಂದಾಗಲೆಲ್ಲ ನನ್ನ ಪಾದಗಳನ್ನು ಉಜ್ಜುತ್ತಿದ್ದಳು. ನನಗೆ ಅದು ತಿಳಿಯುತ್ತಿರಲಿಲ್ಲ. ಯಾರದೋ ಪಾದಗಳನ್ನು ಅವಳು ಉಜ್ಜುತ್ತಿರುವುದನ್ನು ನೋಡುತ್ತಿದ್ದೆ.

ಸಹಾಯಕ್ಕೆ ಇದ್ದ ಆಯಾ ಒಬ್ಬಳು, ಕರೆಗಂಟೆಯ ಗುಂಡಿಯನ್ನು ನನ್ನ ಬಲಗೈಯಲ್ಲಿ ಇನ್ನೂ ಮಿಡುಕುತ್ತಿದ್ದ ಎರಡು ಬೆರಳುಗಳ ನಡುವೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿ ಹೋದಳು. ಯಾರೂ ಹೇಳಿರಲಿಲ್ಲ, ಅವಳಿಗೇ ತೋಚಿದ್ದು. ಅಂದಿನಿಂದ ನನಗೆ ನಿದ್ದೆ ಬಂತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇಂಥ ಹಾಸಿಗೆಯ ಪಕ್ಕ ಕೂತಿದ್ದರೆ, ಆ ಗುಂಡಿ ಎಲ್ಲಿದೆ ಎಂದು ಒಮ್ಮೆ ನೋಡಿ.

ಆಮೇಲೆ ಇಳಿದ ದಾರಿಯಲ್ಲೇ ಎಲ್ಲವೂ ನಿಧಾನವಾಗಿ ಹತ್ತಿ ಬಂತು. ಮೊದಲು ಕೈಗಳು, ಆಮೇಲೆ ತೊಡೆಗಳು. ಬಲಗಾಲು ಬಂತು. ಎಡಗಾಲೂ ಬಂತು, ಪಾದವೊಂದನ್ನು ಬಿಟ್ಟು. ಅದನ್ನು ಮೇಲಕ್ಕೆತ್ತಲು ಹೇಳಿದರೆ ಅದು ನೆಲವನ್ನೇ ನೋಡುತ್ತಿತ್ತು. ಬೂಟಿನೊಳಗೆ ಪ್ಲಾಸ್ಟಿಕ್ಕಿನ ಒಂದು ಆಸರೆ ಹಾಕಿ ಕೊಟ್ಟರು. ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಬರಬೇಕೆಂದರು. ವ್ಯಾಯಾಮದ ವಿಭಾಗ ಇದ್ದದ್ದು ಮೂಸಿಯ ದಂಡೆಯಲ್ಲಿ, ನನ್ನ ಗೋಡೆಯಿಂದ ತುಸುವೇ ದೂರದಲ್ಲಿ. ಮೊದಲು ಟ್ಯಾಕ್ಸಿಯಲ್ಲಿ, ಆಮೇಲೆ ಲಿಂಗಂಪಲ್ಲಿಯಿಂದ ಮಲಕ್‌ಪೇಟೆಗೆ ಲೋಕಲ್ ರೈಲಿನಲ್ಲಿ, ಅವ್ವನ ಭುಜ ಹಿಡಿದುಕೊಂಡು ಹೋಗಿಬರತೊಡಗಿದೆ.

ಮೇಡಂ ತಿಂಗಳಿಗೊಮ್ಮೆ ಸಂದೇಶ ಕಳಿಸುತ್ತಿದ್ದರು. "ಉಳಿದ ಹಾಳೆಗಳು ಮುಗಿದವು. ಏಳನೆಯದನ್ನು ನಿನಗೇ ಇಟ್ಟಿದ್ದೇನೆ. ಯಾವಾಗ ಬರುತ್ತೀ?" ಪೂರ್ತಿ ಗುಣವಾದ ಕೂಡಲೇ ಬರುತ್ತೇನೆ ಎಂದು ಉತ್ತರಿಸುತ್ತಿದ್ದೆ. ಪೂರ್ತಿ ಎಂದರೆ ನನಗೆ ಎಪ್ಪತ್ತೆರಡು ಸೆಂಟಿಮೀಟರ್. ಮನೆಯಲ್ಲಿ ಮಾತ್ರ ಬೇರೆ ಗಾಳಿ ಬೀಸುತ್ತಿತ್ತು. "ಬಿಸಲಾಗ ಗ್ವಾಡಿ ಅಳಿಯೂ ಕೆಲಸ ಇನ್ನ ಯಾಕ? ಕಾಲೇಜಿನಾಗ ಪಾಠ ಹೇಳು, ಕುರ್ಚಿ ಮ್ಯಾಲ ಕುಂತು," ಎಂದು ಅವ್ವ ಎರಡು ದಿನಕ್ಕೊಮ್ಮೆ ಅನ್ನುತ್ತಿದ್ದಳು. ಅಂಗಾಲಿಗೆ ಬುದ್ಧಿ ಬರಲಿ, ಆಮೇಲೆ ತಾನೇ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ.

ಇನ್ನು ಕಾಯುವ ಕೋಣೆಯ ವಿಷಯ. ನೀಲಿ ಕುರ್ಚಿಗಳ ಎರಡು ಸಾಲು, ಮುಚ್ಚದ ಒಂದು ಕಿಟಕಿ, ಗೋಡೆಯ ಮೇಲೆ ಬೆನ್ನುಮೂಳೆಯ ಚಿತ್ರ. ಅಲ್ಲಿಯೇ ಅವ್ವ ಒಂದು ತಪ್ಪು ಮಾಡಿದಳು. ಅದು ನಮ್ಮಂಥವರು ಮಾತ್ರ ಮಾಡುವ ತಪ್ಪು.

ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಹೊರಗೆ ನಮಗೆ ತೆಲುಗು, ಹಿಂದಿ. ಕನ್ನಡ ಮನೆಯದು. ಆದರೆ ಹೊರಗೂ ಒಂದು ಉಪಯೋಗಕ್ಕೆ ಅದನ್ನು ತೆಗೆಯುತ್ತೇವೆ: ಎದುರಿದ್ದವರಿಗೆ ತಿಳಿಯಬಾರದ ಮಾತಿಗೆ. ಸೀರೆ ಅಂಗಡಿಯವನ ಮುಖ ನೋಡಿ ನಗುತ್ತಲೇ "ಬಣ್ಣ ಬಿಡತೈತಿ, ಏಳು" ಅನ್ನುತ್ತೇವೆ. ಬಸ್ಸಿನಲ್ಲಿ ಪಕ್ಕದವರ ಒಡವೆ ನಿಜವೋ ಸುಳ್ಳೋ ಎಂದು ಅವರ ಕಿವಿಯ ಹತ್ತಿರವೇ ತೀರ್ಮಾನಿಸುತ್ತೇವೆ. ಮೂವತ್ತು ವರ್ಷ ಹೀಗೆ ಮಾಡಿ ಅವ್ವನಿಗೆ ಕನ್ನಡವೆಂದರೆ ಬಾಗಿಲು ಹಾಕಿದ ಕೋಣೆ ಎನಿಸಿಬಿಟ್ಟಿತ್ತು.

ನಮ್ಮ ಎದುರಿನ ಸಾಲಿನಲ್ಲಿ ಬಿಳಿ ಸೀರೆಯ ಒಬ್ಬ ವಯಸ್ಸಾದ ಹೆಂಗಸು ಕೂರುತ್ತಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅವರ ಊರುಗೋಲಿನ ಕೆಳತುದಿಗೆ ಕ್ರೋಶಾದಲ್ಲಿ ಹೆಣೆದ ಒಂದು ಕೆಂಪು ಉಣ್ಣೆಯ ಟೊಪ್ಪಿಗೆ. ಅವ್ವನಿಗೆ ಅದನ್ನು ನೋಡಿದಾಗಲೆಲ್ಲ ತಡೆಯಲಾಗುತ್ತಿರಲಿಲ್ಲ.

"ನೋಡ ವನೂ, ಕೋಲಿಗೆ ಟೊಪಗಿ ಹಾಕ್ಯಾಳ ಮುದುಕಿ. ಥಂಡಿ ಹತ್ತೀತಂತ."

"ಸುಮ್ಮನಿರು ಅವ್ವ."

"ಆಕಿಗೇನ್ ತಿಳೀತದ? ನಾಳಿ ಸ್ವೆಟರ್ ಹಾಕ್ಕೊಂಡ ಬರತಾಳ ನೋಡು, ಕೋಲಿಗೆ."

ಮೂರು ವಾರ ಹೀಗೇ ನಡೆಯಿತು. ನಾನು ಒಳಗೆ ಎರಡು ಕಂಬಿಗಳ ನಡುವೆ ನಡೆಯುವಾಗ ಅವ್ವ ಹೊರಗೆ ಗದಗಿನ ಚಿಕ್ಕವ್ವನಿಗೆ ಫೋನು ಹಚ್ಚುತ್ತಿದ್ದಳು. ದೊಡ್ಡ ದನಿ ಅವಳದು, ಬಾಗಿಲಿನ ಆಚೆಗೂ ಕೇಳಿಸುತ್ತಿತ್ತು. ನನ್ನ ಸ್ನಾನ, ನನ್ನ ಊಟ, ಆಸ್ಪತ್ರೆಯಲ್ಲಿ ನಾನು ಅತ್ತದ್ದು, ನನಗಾಗಿ ನೋಡಿದ್ದ ಗಂಡಿನ ಮನೆಯವರು ಫೋನು ಎತ್ತದೇ ಇದ್ದದ್ದು. ಒಳಗೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಯಾರಿಗೂ ತಿಳಿಯುವುದಿಲ್ಲವೆಂದು ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ದಿನ ಅವ್ವ ಮತ್ತೆ ಟೊಪ್ಪಿಗೆಯ ಮಾತು ಎತ್ತಿದಳು. ಆ ಹೆಂಗಸು ಕೋಲನ್ನು ತಮ್ಮ ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, ಟೊಪ್ಪಿಗೆ ನೇರ ಮಾಡುತ್ತ, ತಲೆಯೆತ್ತದೆ ಹೇಳಿದರು:

"ಥಂಡಿಗಲ್ರಿ ಅವ್ವಾರೆ. ನಮ್ಮ ಚರ್ಚಿನಾಗ ಹಳೇ ಫರ್ಶಿ ನೆಲ ಅದ. ಕೋಲಿನ ಗೀರು ಬೀಳಬಾರ್ದಂತ ಹಾಕೀನಿ."

ಅವ್ವ ಕುರ್ಚಿಯ ತುದಿಗೆ ಸರಿದಳು.

"ನೀವ್... ನಮ್ಮವರೇನ್ರಿ?" ಅವ್ವನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು.

"ಬೀದರ ಕಡಿಯವ್ರು. ಮಾರ್ಥಾಬಾಯಿ ಅಂತಾರ ನನಗ. ನಲವತ್ತ ವರ್ಷ ಆತು ಇಲ್ಲಿ ಬಂದು, ಹುಡುಗ್ಯಾರ ಹಾಸ್ಟೆಲಿನಾಗ ಅಡಿಗಿ ಮಾಡ್ಕೋತ."

"ಮೂರು ವಾರದಿಂದ ಕೇಳಾಕತ್ತೀರಿ, ಒಂದ ಮಾತು ಹೇಳಬಾರದೇನ್ರಿ!"

"ಹ್ಯಾಂಗ ಹೇಳ್ಲಿ? ನೀವು ಎಲ್ಲಿ ನಿಲ್ಲಸ್ತೀರಿ ಮಾತು?"

ನನಗೆ ನಗು ತಡೆಯಲಾಗಲಿಲ್ಲ. ಕಾಯಿಲೆ ಬಿದ್ದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು. ಅವ್ವ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ಒಂದು ಟೊಪ್ಪಿಗೆಯ ಚೇಷ್ಟೆಗೆ ಅಷ್ಟು ಬಿಳಿಚಿಕೊಳ್ಳಬೇಕಿರಲಿಲ್ಲ ಎಂದು ನನಗೆ ಅನಿಸಿತು. ಅನಿಸಿದ್ದನ್ನು ಅಲ್ಲಿಗೇ ಬಿಟ್ಟೆ.

ವ್ಯಾಯಾಮ ಮಾಡಿಸುತ್ತಿದ್ದವಳು ಫರ್ಹೀನ್, ನನ್ನದೇ ವಯಸ್ಸಿನವಳು. ಕಂಬಿ ಬಿಟ್ಟು ನಡೆಯುವಂತಾದಾಗ ಅವಳು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು. "ನದೀ ಕೆ ಬಾಜೂ ಮೇ ಸಪಾಟ್ ರಸ್ತಾ ಹೈ. ದೋನೋ ಮಿಲ್ ಕೆ ಚಲೋ. ಏಡಿ ಪಹಲೇ, ಪಂಜಾ ಬಾದ್ ಮೇ. ಜಲ್ದಿ ನಕ್ಕೋ." ನದಿಯ ಪಕ್ಕದ ಸಪಾಟು ದಾರಿಯಲ್ಲಿ ಇಬ್ಬರೂ ಕೂಡಿ ನಡೆಯಿರಿ; ಹಿಮ್ಮಡಿ ಮೊದಲು, ಬೆರಳು ಆಮೇಲೆ, ಅವಸರ ಬೇಡ. ಹೀಗೆ ಮಾರ್ಥಾಬಾಯಿ ಮತ್ತು ನಾನು ಜೊತೆಯಾಗಿ ನಡೆಯತೊಡಗಿದೆವು. ಅವ್ವ ಚಹದಂಗಡಿಯ ಬೆಂಚಿನ ಮೇಲೆ ರೊಟ್ಟಿಯ ಚೀಲ ಹಿಡಿದು ಕೂರುತ್ತಿದ್ದಳು. ಎರಡನೆಯ ವಾರಕ್ಕೇ ಚೀಲದಲ್ಲಿ ಮಾರ್ಥಾಬಾಯಿಯವರ ಪಾಲಿನ ಶೇಂಗಾ ಚಟ್ನಿಯೂ ಇರುತ್ತಿತ್ತು.

ಮೂಸಿ ವಾಸನೆ ಬರುವ ನದಿ. ಅದನ್ನು ಮರೆಮಾಚಿ ಬರೆದರೆ ಸುಳ್ಳಾಗುತ್ತದೆ. ಆದರೆ ನಾಲ್ಕು ತಿಂಗಳು ಸ್ಪಿರಿಟ್ಟಿನ ವಾಸನೆಯಲ್ಲಿ ಮಲಗಿದ್ದವಳಿಗೆ ಅದೂ ಹೊರಗಿನ ಗಾಳಿಯೇ. ಪಾತ್ರದ ತುಂಬ ಎತ್ತರದ ಹಸಿರು ಹುಲ್ಲು, ಅದನ್ನು ಕೊಯ್ದು ಹೊರೆ ಕಟ್ಟುವ ಹೆಂಗಸರು, ಎಮ್ಮೆಗಳು, ಎಮ್ಮೆಗಳ ಹಿಂದೆಯೇ ನಡೆಯುವ ಬೆಳ್ಳಕ್ಕಿಗಳು. ದಂಡೆಯ ಕಟ್ಟೆಯ ಮೇಲೆ ಒಣಹಾಕಿದ ಆಸ್ಪತ್ರೆಯ ಹಸಿರು ಚಾದರಗಳು. ಬುರುಜಿನ ಬಿರುಕಿನಲ್ಲಿ ಅರಳಿಮರ ಬೆಳೆದು, ಅದರ ನೆರಳಿನಲ್ಲಿ ಆಟೋಗಳು ನಿಲ್ಲುತ್ತಿದ್ದವು. ಮೊದಲು ನಾನು ಈ ಆಟೋಗಳನ್ನು ನಕ್ಷೆಗೆ ಅಡ್ಡಿ ಎಂದು ಬೈದುಕೊಳ್ಳುತ್ತಿದ್ದೆ. ಈಗ ಅವುಗಳ ಹಿಂಬದಿಯ ಕಂಬಿ ಹಿಡಿದು ದಣಿವಾರಿಸಿಕೊಳ್ಳುತ್ತಿದ್ದೆ.

ಮೊದಲ ದಿನ ಮುರಿದ ಕಂಬ ಮುಟ್ಟಿ ವಾಪಸಾದೆವು. ಆಮೇಲೆ ಗೋಡೆಯ ಕಾಲುಭಾಗ. ಆಮೇಲೆ ಅರ್ಧ. ಮಾರ್ಥಾಬಾಯಿ ನಡೆಯುವಾಗ ಹಾಡು ಗುನುಗುತ್ತಿದ್ದರು, ಸೊಂಟ ನೋಯುವಲ್ಲಿ ರಾಗ ಎಳೆಯುತ್ತಿದ್ದರು. ನಾನು ಎಣಿಸುತ್ತಿದ್ದೆ. ಬುರುಜಿನ ಆಚೆಯ ಆ ಚಿಕ್ಕ ಚರ್ಚೇ ಅವರದು; ಅದಕ್ಕೆ ಐದು ಮೆಟ್ಟಿಲು. ಹಬ್ಬದೊಳಗೆ ಅವನ್ನು ಹತ್ತಿ, ತಮ್ಮ ಹಳೆಯ ಜಾಗದಲ್ಲಿ, ಎಡಗಡೆಯ ಮೂರನೆಯ ಬೆಂಚಿನಲ್ಲಿ ಕೂರಬೇಕೆಂಬುದು ಅವರ ಆಸೆ. "ಅಲ್ಲಿಂದ ಪಾದ್ರಿಗೋಳ ಮಾರಿ ಕಾಣಲ್ಲ, ಆದ್ರ ಗಾಳಿ ಛಲೋ ಬರ್ತದ" ಎಂದು ಕಾರಣವನ್ನೂ ಹೇಳಿದ್ದರು.

ಬುರುಜು ಮುಟ್ಟಿದ ದಿನ ನನ್ನ ಎಣಿಕೆ ಇನ್ನೂರ ಅರವತ್ತೆಂಟು. ಅವತ್ತಿನಿಂದ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ. ಒಮ್ಮೆ ಇನ್ನೂರ ಅರವತ್ತೇಳು, ಒಮ್ಮೆ ಅರವತ್ತೊಂಬತ್ತು. ಬೇರೆ ಏನೆಲ್ಲ ಸುಧಾರಿಸಿತು. ಆಟೋದ ಕಂಬಿ ಬೇಕಾಗಲಿಲ್ಲ, ದಣಿವು ಕಡಿಮೆಯಾಯಿತು, ಮಾರ್ಥಾಬಾಯಿಯವರ ಜೊತೆ ಚರ್ಚಿನವರೆಗೂ ಹೋಗಿ ಅವರು ಐದು ಮೆಟ್ಟಿಲು ಹತ್ತುವುದನ್ನು ಕೆಳಗೆ ನಿಂತು ನೋಡಿದೆ. ಕೆಂಪು ಟೊಪ್ಪಿಗೆ ಒಂದೊಂದೇ ಮೆಟ್ಟಿಲು ಏರಿತು. ಮೇಲೆ ನಿಂತು ಅವರು ಕೋಲನ್ನು ನನ್ನ ಕಡೆಗೆ ಬೀಸಿದರು. ನನ್ನ ಸಂಖ್ಯೆ ಮಾತ್ರ ಇಳಿಯಲಿಲ್ಲ.

ಮೆಟ್ಟಿಲು ಹತ್ತಿದ ಆ ದಿನವೇ, ವಾಪಸು ಬರುವಾಗ, ಬುರುಜಿನ ನೆರಳಿನಲ್ಲಿ ಕುಳಿತು ಅವರಿಗೆ ಹೇಳಿದೆ. ನಾನು ಸಾಮಾನ್ಯವಾಗಿ ಯಾರಿಗೂ ಇಷ್ಟು ಹೇಳುವವಳಲ್ಲ. "ಇನ್ನ ಎರಡು ತಿಂಗಳಿಗೆ ನನ್ನ ಪಾದಾ ಎತ್ತಾಕ ಬರತೈತಿ. ಆವಾಗ ಇದು ಮತ್ತ ಇನ್ನೂರ ಹದಿನಾಲ್ಕು ಆಗತೈತಿ. ಆವಾಗ ಮೇಡಂಗ ಹೇಳಿ ಕೆಲಸಕ್ಕ ಹೋಗತೀನಿ."

ಮಾರ್ಥಾಬಾಯಿ ಕೋಲಿನ ಟೊಪ್ಪಿಗೆಯನ್ನು ಬಿಚ್ಚಿ ಧೂಳು ಕೊಡವಿದರು. ಮತ್ತೆ ಹಾಕಿದರು. ಮತ್ತೆ ಬಿಚ್ಚಿದರು.

"ಯಾಕ್ರಿ?"

"ಏನಿಲ್ಲ ನನ್ನವ್ವ."

"ಏನೋ ಐತಿ."

ಅವರು ನದಿಯ ಕಡೆ ನೋಡಿದರು. "ನನಗ ಸುಳ್ಳ ಹೇಳ್ಲಿಕ್ಕ ಬರಲ್ಲ. ಬ್ಯಾರೆಯವ್ರ ಮನಿ ಮಾತು ಹೇಳ್ಲಿಕ್ಕೂ ಬರಲ್ಲ. ನಿಮ್ಮವ್ವಾರಿಗೆ ಕೇಳು. ಆ ಕಿಟಕ್ಯಾಗ ಕುಂತು ಫೋನಿನಾಗ ತಂಗೀಗ ಏನ್ ಹೇಳ್ಯಾರಂತ ಕೇಳು."

ಆಗ ಅವ್ವನ ಬಿಳಿಚಿದ ಮುಖ ನೆನಪಾಯಿತು.

ರೈಲು ಹತ್ತಿ ಕುಳಿತ ಮೇಲೆ ಕೇಳಿದೆ. ಮಹಿಳೆಯರ ಡಬ್ಬಿ, ಮಧ್ಯಾಹ್ನದ ಹೊತ್ತು, ಅರ್ಧ ಖಾಲಿ. "ಚಿಕ್ಕವ್ವಗ ನನ್ನ ಪಾದದ ಬಗ್ಗೆ ಏನ ಹೇಳೀ?" ಅವ್ವ ಬಾಯಿ ತೆರೆದು, ಸುತ್ತ ನೋಡಿ, ಮುಚ್ಚಿಕೊಂಡಳು. ಎದುರಿಗೆ ಹೂವಿನ ಬುಟ್ಟಿಯವಳೊಬ್ಬಳು, ಪುಸ್ತಕ ಹಿಡಿದ ಇಬ್ಬರು ಹುಡುಗಿಯರು. ಯಾರಿಗೆ ಕನ್ನಡ ಗೊತ್ತು, ಯಾರಿಗಿಲ್ಲ? ಮೂವತ್ತು ವರ್ಷದ ಧೈರ್ಯ ಅವಳಿಂದ ಹೊರಟುಹೋಗಿತ್ತು. ಕಾಚಿಗುಡ ದಾಟಿತು. ನಾನು ಓದಿದ ವಿಶ್ವವಿದ್ಯಾಲಯದ ಮರಗಳು ದಾಟಿದವು. ತಾರ್ನಾಕದ ಕಡೆಯ ಗೇಟಿನಿಂದ ಹಾಸ್ಟೆಲಿನವರೆಗೆ ಎಷ್ಟು ಹೆಜ್ಜೆ ಎಂದು ನನಗೆ ಒಂದು ಕಾಲದಲ್ಲಿ ಬಾಯಿಪಾಠವಾಗಿತ್ತು. ಸಿಕಂದರಾಬಾದ್ ದಾಟಿತು. ಅವ್ವ ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. ಬೇಗಂಪೇಟೆ ಬಂದಾಗ, "ಕೇಳಿದರ ಕೇಳ್ಲಿ, ಯಾರಿಗೆ ತಿಳದರೂ ತಿಳೀಲಿ" ಎಂದು ತನ್ನ ಮಾಮೂಲಿನ ದೊಡ್ಡ ದನಿಯಲ್ಲೇ ಶುರುಮಾಡಿದಳು.

ನರಗಳ ಎರಡನೆಯ ಪರೀಕ್ಷೆಯಾದ ದಿನ ನಾನು ಒಳಗೆ ಬೂಟು ಹಾಕಿಕೊಳ್ಳುತ್ತಿದ್ದಾಗ ಡಾಕ್ಟರು ಅವ್ವ, ಅಪ್ಪ ಇಬ್ಬರನ್ನೂ ಕರೆದು ಹೇಳಿದ್ದರಂತೆ. ಎಡಪಾದದ ಆ ನರ ಬಹಳ ಪೆಟ್ಟು ತಿಂದಿದೆ. ನಡೆಯುತ್ತಾಳೆ, ಓಡಾಡುತ್ತಾಳೆ, ಎಲ್ಲ ಮಾಡುತ್ತಾಳೆ. ಪಾದ ಪೂರ್ತಿ ಮೇಲೇಳುವುದು ಮಾತ್ರ ಅನುಮಾನ. ಬೂಟಿನ ಆಸರೆ ಇಟ್ಟುಕೊಂಡರೆ ಸಾಕು. ಹೊರಗೆ ಬಂದು ಅಪ್ಪ ನನಗೆ ಹೇಳಿದ್ದು, "ಎಲ್ಲಾ ಛಲೋ ಐತಂತ."

"ಅಪ್ಪ ಸುಳ್ಳು ಹೇಳಿದರಾ?"

"ನಾ ಹೇಳಿಸಿದೆ. ನೀ ದಿನಾ ಎಣಿಸ್ತಿದ್ದಿ. ಎಣಿಸೂ ಮುಂದ ನಿನ್ನ ಮಾರಿ ಹೆಂಗಿರತೈತಿ ಗೊತ್ತೈತೇನು? ಸಾಲಿಗೆ ಹೋಗೂ ಹುಡುಗಿ ಹಂಗ. ಅದನ್ನ ಹೆಂಗ ನಿಲ್ಲಸಲಿ ನಾನು?" ಅವಳು ಮೂಗು ಒರೆಸಿಕೊಂಡಳು. "ಕಾಲೇಜಿನ ಕೆಲಸಾ ಹಿಡಿ ಅಂದದ್ದು ಅದಕ್ಕ. ಕುರ್ಚಿ ಮ್ಯಾಲ ಕುಂತರ ಎಣಿಸೂ ಪಾಳಿ ಬರೂದಿಲ್ಲ ಅಂತ."

ಸಿಟ್ಟು ಬರಬೇಕಾಗಿತ್ತು. ಬಂತು ಕೂಡ, ಭರತ್‌ನಗರದವರೆಗೆ ಇತ್ತು. ಕಿಟಕಿಯಾಚೆ ಸನತ್‌ನಗರದ ಕಾರ್ಖಾನೆಗಳ ತಗಡಿನ ಮಾಡುಗಳು ಹೋಗುತ್ತಿದ್ದವು. ಆಮೇಲೆ ಅದರ ಜಾಗದಲ್ಲಿ ಬೇರೆ ಏನೋ ಬಂದು ಕುಳಿತುಕೊಂಡಿತು. ಐದು ವಾರಗಳ ಸಂಖ್ಯೆಗಳು ಕಣ್ಣ ಮುಂದೆ ಬಂದವು. ಅರವತ್ತೆಂಟು, ಅರವತ್ತೇಳು, ಅರವತ್ತೊಂಬತ್ತು, ಅರವತ್ತೆಂಟು. ಅವು ಇಳಿಯಲಿಲ್ಲ ಎಂದು ನಾನು ದಿನವೂ ಮರುಗಿದ್ದೆ. ಅವು ಅಲುಗಿಯೂ ಇರಲಿಲ್ಲ ಎಂಬುದನ್ನು ನೋಡಿರಲಿಲ್ಲ. ಹುಷಾರಾಗಿದ್ದ ಕಾಲದಲ್ಲೂ ನನ್ನ ಎಣಿಕೆ ಇದಕ್ಕಿಂತ ಹೆಚ್ಚು ಸಮ ಇರಲಿಲ್ಲ. ಹೆಜ್ಜೆ ಉದ್ದವಾಗಿರಬೇಕಿಲ್ಲ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಆಗ ಅದು ನನಗೆ ಬೇಕಾಗಿರಲಿಲ್ಲ.

ಎಡಹೆಜ್ಜೆ ಚಿಕ್ಕದು, ಬಲಹೆಜ್ಜೆ ದೊಡ್ಡದು. ಹಾಗಾದರೆ ಒಂದೊಂದಾಗಿ ಎಣಿಸಬಾರದು. ಎರಡನ್ನೂ ಸೇರಿಸಿ ಒಂದು ಜೋಡಿ ಎಂದು ಎಣಿಸಬೇಕು. ಇಷ್ಟೇ ಮಾಡಬೇಕಾಗಿರುವುದು.

ಹಫೀಜ್‌ಪೇಟೆ ಬರುವಷ್ಟರಲ್ಲಿ ಮೇಡಂಗೆ ಸಂದೇಶ ಕಳಿಸಿದೆ: "ಏಳನೆಯ ಹಾಳೆ ನನಗೇ ಇರಲಿ. ನಾಳೆ ಶುರುಮಾಡುತ್ತೇನೆ." ಅವ್ವ ಬಗ್ಗಿ ಓದಿದಳು. ಓದಬಾರದೆಂದು ನಾನು ಫೋನು ತಿರುಗಿಸಲಿಲ್ಲ.

"ನಾಳೆ ವ್ಯಾಯಾಮ ಇಲ್ಲಲಾ," ಎಂದಳು.

"ಇಲ್ಲ. ಕೆಲಸಕ್ಕ."

ಸೆರಗು ಸರಿಮಾಡಿಕೊಂಡು, "ಬಿಸಲಾಗ ಹೋಗೂದಾದರ ಟೊಪಗಿ ಹಾಕ್ಕೊ" ಎಂದಳು. ಎದುರಿನ ಹೂವಿನವಳು ಫಕ್ಕನೆ ನಕ್ಕಳು. ಅವಳಿಗೆ ಕನ್ನಡ ಗೊತ್ತಿತ್ತೋ, ಅವ್ವನ ಮುಖ ನೋಡಿ ನಕ್ಕಳೋ, ನಾವು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ರೈಲಿಗೆ ಒಬ್ಬಳೇ ಹೊರಟೆ. ಮೇಲ್ಸೇತುವೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿದೆ, ಕಂಬಿ ಹಿಡಿದು ಇಳಿದೆ. ಚೀಲದಲ್ಲಿ ಪುಸ್ತಕ, ಪೆನ್ಸಿಲ್, ಮೂವತ್ತು ಮೀಟರಿನ ಟೇಪು, ಅವ್ವ ತುರುಕಿದ ಎರಡು ಪಾಲು ರೊಟ್ಟಿ. ಮಾರ್ಥಾಬಾಯಿ ಚಹದಂಗಡಿಯ ಮುಂದೆ ಕಾಯುತ್ತಿದ್ದರು. ಟೇಪಿನ ತುದಿ ಹಿಡಿಯಲು ಒಬ್ಬರು ಬೇಕಿತ್ತು, ಬರುತ್ತೀರಾ ಎಂದು ಹಿಂದಿನ ಸಂಜೆ ಫೋನಿನಲ್ಲಿ ಕೇಳಿದ್ದೆ. ಬುರುಜಿನ ಬಳಿಯ ಸಪಾಟು ದಾರಿಯಲ್ಲಿ ಟೇಪು ಹಾಸಿದೆ. ಅವರಿಗೆ ಬಗ್ಗಲು ಬರುವುದಿಲ್ಲ. ಹಾಗಾಗಿ ಟೇಪಿನ ಸೊನ್ನೆಯ ಮೇಲೆ ತಮ್ಮ ಕೋಲನ್ನು, ಕೆಂಪು ಟೊಪ್ಪಿಗೆಯ ಸಮೇತ, ಒತ್ತಿ ನಿಂತರು.

"ಗಟ್ಟಿ ಹಿಡಿದೀನಿ. ಹೋಗು."

ಮೊದಲ ಸಲ ಮೂವತ್ತು ಮೀಟರಿಗೆ ಇಪ್ಪತ್ತಾರು ಜೋಡಿ. ಎರಡನೆಯ ಸಲ ಇಪ್ಪತ್ತಾರು. ಮೂರನೆಯ ಸಲವೂ ಇಪ್ಪತ್ತಾರು. ಬುರುಜಿಗೆ ಒರಗಿ ಲೆಕ್ಕ ಹಾಕಿದೆ. ಮೊದಲ ಪುಟ ತೆಗೆದು, ಎಪ್ಪತ್ತೆರಡರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಜೋಡಿ, ನೂರ ಹದಿನೈದು' ಎಂದು ಬರೆದೆ. ಹಳೆಯ ಪುಟದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಲಿಲ್ಲ. ಆಮೇಲೆ ಮುರಿದ ಕಂಬದ ಬಳಿಗೆ ಹೋಗಿ, ಕಂಬಕ್ಕೆ ಬೆನ್ನು ತಾಗಿಸಿ ನೆಟ್ಟಗೆ ನಿಂತು, ಹಿಮ್ಮಡಿ ಮೊದಲು ಊರಿ, ಒಂದು ಎಂದೆ.